ಮಿಸ್ತ್ರಿ ಮುಂದೆ ಬಂದ್ ಬೀಳದ ಗಾಡಿ

“ಈಗ ಸರಿ ಐತೆಲ್ರೀ ಅಕ್ಕಾರ,” ಅಂದ ಮಿಸ್ತ್ರಿ.

ಸರಿಯೇ ಇತ್ತು. ನನ್ನ ತಕರಾರು ಅದೇ. ಒಂದು ತಾಸಿನ ಹಿಂದೆ ಇದೇ ಗಾಡಿ ಜುಬಿಲಿ ಸರ್ಕಲ್ಲಿನಲ್ಲಿ ಗಡಗಡ ನಡುಗಿ ಬಂದ್ ಬಿದ್ದಿತ್ತು. ಹಸಿರು ದೀಪ ಬಂತು, ಹೋಯಿತು, ಮತ್ತೆ ಬಂತು, ನಾನು ಸೆಲ್ಫ್ ಹೊಡೆಯುತ್ತಲೇ ಇದ್ದೆ. ಹಿಂದಿನ ಟಂಟಂನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಬೈಕಿನ ಹುಡುಗನೊಬ್ಬ ಕಿಟಕಿಗೆ ಬಗ್ಗಿ “ಆಂಟಿ, ಪೆಟ್ರೋಲ್ ಐತೇನ್ ನೋಡ್ಕೊರ್ರಿ” ಅಂದು ಹೋದ. ಕಡೆಗೆ ಪೇಢೆ ಪೊಟ್ಟಣ ಹಿಡಿದುಕೊಂಡಿದ್ದ ಇಬ್ಬರು ಪುಣ್ಯಾತ್ಮರು ತಳ್ಳಿ ಬದಿಗೆ ಹಚ್ಚಿಕೊಟ್ಟರು. ಮುಕ್ಕಾಲು ತಾಸು ಬಿಟ್ಟು ಕೀಲಿ ತಿರುವಿದರೆ ಅರ್ಧ ಸೆಲ್ಫಿಗೇ ಹಿಡಿಯಿತು. ಈಗ ಗ್ಯಾರೇಜಿನ ಮುಂದೆ ನಿಂತು, ಬಾನೆಟ್ ಮೇಲೆ ತುಂಬಿದ ಚಹಾದ ಕಪ್ಪು ಇಟ್ಟರೂ ತುಳುಕದ ಹಾಗೆ ಓಡುತ್ತಿತ್ತು. ಮಿಸ್ತ್ರಿ ಎರಡು ಸಲ ರೇಸ್ ಕೊಟ್ಟ, ಬಂದ್ ಮಾಡಿದ, ಚಾಲೂ ಮಾಡಿದ. ಆಮೇಲೆ ಗಾಡಿ ಬಿಟ್ಟು ನನ್ನ ಕಡೆ ನೋಡಿದ. “ಕ್ಲಚ್ ಮ್ಯಾಲೆ ಕಾಲಿಟ್ಕೊಂಡ ಹೊಡಿತೀರೇನ್ರಿ?”

ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಕ್ಲಚ್ ಮೇಲೆ ಕಾಲಿಟ್ಟುಕೊಂಡರೆ ಕ್ಲಚ್ ಸವೆಯುತ್ತದೆಯೇ ಹೊರತು ಇಂಜಿನ್ ಬಂದ್ ಬೀಳುವುದಿಲ್ಲ ಅನ್ನುವುದು ಅವನಿಗೂ ಗೊತ್ತು. ಆದರೆ ರೋಗ ಕಾಣದಿದ್ದಾಗ ರೋಗಿಯ ಕಡೆಯವರನ್ನೇ ತಪಾಸಣೆ ಮಾಡುವುದು ಸುಲಭ. ಅದರಲ್ಲೂ ಕಡೆಯವರು ಹೆಂಗಸಾಗಿದ್ದರೆ ಇನ್ನೂ ಸುಲಭ. ಆ ಮಳೆಗಾಲದಲ್ಲಿ ನಾನು ನಾಲ್ಕು ಕಡೆ ಈ ಪ್ರಶ್ನೆಯ ನಾಲ್ಕು ರೂಪ ಕೇಳಿದೆ. ಒಬ್ಬರು ಗೇರ್ ಬಗ್ಗೆ ಕೇಳಿದರು, ಒಬ್ಬರು ಪೆಟ್ರೋಲ್ ಕಡಿಮೆ ಇಟ್ಟುಕೊಳ್ಳುತ್ತೀರಾ ಅಂದರು. ಇನ್ನೊಬ್ಬರು ನೇರವಾಗಿ “ಮನ್ಯಾಗ ಸಾಹೇಬ್ರು ಹೊಡದ್ರ ಹಿಂಗ ಆಗ್ತೈತೇನು?” ಅಂದರು. ಮನೆಯಲ್ಲಿ ಸಾಹೇಬರು ಅಂತ ಇರುವವರು ನಮ್ಮಪ್ಪ. ಎಂಬತ್ತರ ಹತ್ತಿರ ಬಂದಿದ್ದಾರೆ, ಮೋತಿಬಿಂದು ಆಪರೇಷನ್ ಆದ ಮೇಲೆ ಸ್ಟೇರಿಂಗ್ ಮುಟ್ಟಿಲ್ಲ.

ಗಾಡಿ ಅವರದೇ. 2005ರಲ್ಲಿ ತಗೊಂಡದ್ದು, ಕೆಎ-25, ಸಣ್ಣ ಪೆಟ್ರೋಲ್ ಗಾಡಿ. ಕಂಪನಿ ಹೆಸರು ಬೇಡ, ಇಷ್ಟು ವರ್ಷ ದುಡಿದ ಯಂತ್ರದ ಮೇಲೆ ದೂರು ಹೇಳುವುದಕ್ಕೆ ನಾನಿಲ್ಲಿ ಕೂತಿಲ್ಲ. ಹದಿನೈದು ವರ್ಷ ತುಂಬಿದಾಗ ನವನಗರದ ಆರ್‌ಟಿಓ ಆಫೀಸಿಗೆ ಹೋಗಿ ಐದು ವರ್ಷಕ್ಕೆ ನವೀಕರಣ ಮಾಡಿಸಿಕೊಂಡು ಬಂದಿದ್ದೆವು. ನಾನು ಹುಬ್ಬಳ್ಳಿಯಲ್ಲಿ ಪಿಯು ಕಾಲೇಜಿನ ಹುಡುಗರಿಗೆ ಲೆಕ್ಕಶಾಸ್ತ್ರ ಕಲಿಸುತ್ತೇನೆ, ಮನೆ ಧಾರವಾಡದ ಸಪ್ತಾಪುರದಲ್ಲಿ. ದಿನಾ ಹೋಗಿ ಬರುವುದಕ್ಕೆ ಚಿಗರಿ ಬಸ್ಸು ಧಾರಾಳ ಆಯಿತು. ಆದರೆ ವಾರಕ್ಕೆ ಎರಡು ಸಲವಾದರೂ ಅವ್ವನನ್ನೋ ಅಪ್ಪನನ್ನೋ ದವಾಖಾನೆಗೆ ಕರೆದುಕೊಂಡು ಹೋಗಬೇಕಾದಾಗ ಈ ಗಾಡಿಯೇ ಬೇಕು. ನಡುದಾರಿಯಲ್ಲಿ ಕೈ ಕೊಡುವ ಗಾಡಿಯಲ್ಲಿ ಅವರನ್ನು ಕೂರಿಸುವುದು ಹೇಗೆ? ನನ್ನ ಚಿಂತೆ ಇದ್ದದ್ದು ಅಲ್ಲಿ.

ಹತ್ತು ದಿನದ ಗುಣ

ರಿಪೇರಿ ಮಾಡಿಸಲಿಲ್ಲ ಅಂತಲ್ಲ. ಮೊದಲು ಬ್ಯಾಟರಿ ಬದಲಾಯಿತು. ಹತ್ತು ಹನ್ನೆರಡು ದಿನ ಗಾಡಿ ಚೊಕ್ಕ ಓಡಿತು. ಆಮೇಲೆ ಮತ್ತದೇ ಹಾಡು. ಪ್ಲಗ್ ನಾಲ್ಕೂ ಬದಲಾದವು, ಮತ್ತೆ ಹತ್ತು ದಿನ ಆರಾಮ. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್. ಆಮೇಲೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ತೊಳೆದರು. ಒಳಗೆ ಮಸಿ ಇದ್ದದ್ದು ಸುಳ್ಳಲ್ಲ, ಬಟ್ಟೆಗೆ ಹತ್ತಿದ್ದನ್ನು ನಾನೇ ನೋಡಿದೆ. ಆಕ್ಸಿಲೇಟರ್ ಮೇಲೆ ಕಾಲಿಲ್ಲದಾಗ ಥ್ರಾಟಲ್ಲಿನ ತಟ್ಟೆ ಮುಚ್ಚಿಕೊಂಡಿರುತ್ತದೆ. ಆಗ ಇಂಜಿನ್ ಉಸಿರಾಡುವುದು ಪಕ್ಕದ ಸಣ್ಣ ದಾರಿಯಿಂದ. ಆ ದಾರಿಯ ಬಾಗಿಲನ್ನು ಎಷ್ಟು ತೆರೆಯಬೇಕು ಅನ್ನುವುದನ್ನು ಒಂದು ಸಣ್ಣ ವಾಲ್ವು ನೋಡಿಕೊಳ್ಳುತ್ತದೆ. ಅಲ್ಲಿ ಮಸಿ ಕಟ್ಟಿದರೆ ಸ್ಲೋ ರನ್ನಿಂಗ್, ಅಂದರೆ ಗಾಡಿ ನಿಂತಿದ್ದಾಗ ಇಂಜಿನ್ ಮೆಲ್ಲಗೆ ಓಡುವ ಹದ, ತಪ್ಪುತ್ತದೆ. ಆದ್ದರಿಂದ ಅದು ತಪ್ಪು ಊಹೆ ಏನಲ್ಲ. ತೊಳೆದ ಮೇಲೆ ಎರಡು ವಾರ ಗಾಡಿ ಎಷ್ಟು ಚೆನ್ನಾಗಿತ್ತೆಂದರೆ ನಾನು ಮಿಸ್ತ್ರಿಗೆ ಫೋನು ಮಾಡಿ ಧನ್ಯವಾದ ಬೇರೆ ಹೇಳಿದೆ. ಹದಿನೈದನೆಯ ದಿನ ಟೋಲ್ ನಾಕಾದಲ್ಲಿ ಬಂದ್ ಬಿತ್ತು.

ನನ್ನ ತಲೆಯೊಳಗೆ ಹೊಕ್ಕು ಕೂತ ಹುಳ ಇದೇ. ರಿಪೇರಿ ಪೂರ್ತಿ ತಪ್ಪಾಗಿದ್ದರೆ ಹತ್ತು ದಿನವೂ ಗುಣ ಕಾಣಬಾರದು. ಪೂರ್ತಿ ಸರಿಯಾಗಿದ್ದರೆ ಹದಿನೈದನೆಯ ದಿನ ತಿರುಗಿ ಬರಬಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ರಿಪೇರಿಗಳು ಒಂದೇ ಥರದ ಗುಣ ತೋರಿಸಿದವು ಅಂದರೆ, ಆ ನಾಲ್ಕರಲ್ಲೂ ಯಾರ ಗಮನಕ್ಕೂ ಬಾರದ ಐದನೆಯ ಕೆಲಸವೊಂದು ನಡೆದಿರಬೇಕು. ಇಷ್ಟನ್ನು ಅಂದೇ ಯೋಚಿಸಿದ್ದರೆ ಒಂಬತ್ತು ಸಾವಿರ ಉಳಿಯುತ್ತಿತ್ತು. ಆಗ ನನಗೆ ಹೊಳೆಯಲಿಲ್ಲ.

ಊರಿನ ಮಂದಿಗೆ ಹೊಳೆದದ್ದು ಇ20 ಪೆಟ್ರೋಲ್. ಶೇಕಡಾ 20 ಎಥೆನಾಲ್ ಬೆರೆಸಿದ್ದು ಬಂದಾಗಿನಿಂದ ಹಳೆಯ ಗಾಡಿ ಕೆಮ್ಮಿದರೂ ಅದೇ ಕಾರಣ, ಮಾಲೀಕ ಕೆಮ್ಮಿದರೂ ಅದೇ ಕಾರಣ. ಹಳೆಯ ಗಾಡಿಗಳ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲ ಅನ್ನುವ ಚಿಂತೆಗೆ ಅರ್ಥವಿದೆ. ಮೈಲೇಜ್ ಒಂದಿಷ್ಟು ಇಳಿಯುವುದೂ ನಿಜ, ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ. ಆದರೆ ಎಥೆನಾಲ್ ಜಾಸ್ತಿಯಾದರೆ ಕಷ್ಟಪಡಬೇಕಾದದ್ದು ತಣ್ಣಗಿನ ಇಂಜಿನ್. ನನ್ನ ಗಾಡಿ ಬೆಳಿಗ್ಗೆ ಮಳೆಯಲ್ಲಿ ನೆನೆದು ನಿಂತಿದ್ದರೂ ಒಂದೇ ಸೆಲ್ಫಿಗೆ ಏಳುತ್ತಿತ್ತು. ಅದರ ತಂಟೆ ಎಲ್ಲ ಬಿಸಿಯಾದ ಮೇಲೆ.

ಹನ್ನೆರಡು ಅಂದರೆ ಎಲ್ಲ ಕ್ಷೇಮ

ಗೋಕುಲ ರೋಡಿನ ಕಡೆ ವೈರಿಂಗ್ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ. ಈಗಿನ ಗಾಡಿಗಳಿಗೆ ಸ್ಕ್ಯಾನರ್ ಚುಚ್ಚಿದರೆ ರೋಗದ ಹೆಸರು ಪರದೆ ಮೇಲೆ ಬರುತ್ತದೆ. ನಮ್ಮದು ಅದಕ್ಕಿಂತ ಹಳೆಯದು. ಕಾಕಾ ತುಂಡು ವೈರಿನಿಂದ ಒಂದು ಕನೆಕ್ಟರಿನ ಎರಡು ಕಾಲು ಕೂಡಿಸಿ, ಕೀಲಿ ಹಾಕಿ, ಡ್ಯಾಶ್‌ಬೋರ್ಡ್ ಮೇಲಿನ ಇಂಜಿನ್ ದೀಪ ನೋಡಲು ಹೇಳಿದರು. ಒಂದು ಸಲ ಮಿನುಗಿತು. ಸ್ವಲ್ಪ ತಡೆದು ಬೆನ್ನುಬೆನ್ನಿಗೆ ಎರಡು ಸಲ. ಮತ್ತೆ ಒಂದು, ಮತ್ತೆ ಎರಡು. “ಹನ್ನೆರಡು,” ಅಂದರು ಕಾಕಾ. “ಅಂದ್ರ ಎಲ್ಲಾ ಕ್ಷೇಮ. ನಿಮ್ಮ ಗಾಡ್ಯಾಗ ಏನೂ ಇಲ್ಲ ತಾಯಿ.” ಹೊಗೆ ತಪಾಸಣೆಯಲ್ಲೂ ಪಾಸಾಯಿತು. ಅಲ್ಲಿಗೆ ಎರಡು ಸರ್ಟಿಫಿಕೇಟು ಸಿಕ್ಕವು. ವಾಪಸು ಬರುವಾಗ ನವನಗರದ ಹತ್ತಿರ ಚಹಾಕ್ಕೆ ನಿಂತೆ, ಕುಡಿದು ಬಂದು ಕೀಲಿ ತಿರುವಿದರೆ ಗಾಡಿ ಏಳಲಿಲ್ಲ.

ಆ ಹನ್ನೆರಡು ನನ್ನ ಮನಸ್ಸಿನಿಂದ ಹೋಗಲಿಲ್ಲ. ಯಾಕೆಂದರೆ ಪ್ರತಿವರ್ಷ ಜುಲೈ ಹೊತ್ತಿಗೆ ನಾನು ಹುಡುಗರಿಗೆ ಹೇಳುವ ಪಾಠ ಅದೇ. ತಾಳೆಪಟ್ಟಿಯ (ಟ್ರಯಲ್ ಬ್ಯಾಲೆನ್ಸಿನ) ಎರಡೂ ಕಡೆ ಮೊತ್ತ ಕೂಡಿತು ಅಂದರೆ ಲೆಕ್ಕ ಸರಿ ಇದೆ ಅಂತ ಅರ್ಥವಲ್ಲ. ಸಂಬಳಕ್ಕೆ ಕೊಟ್ಟದ್ದನ್ನು ಬಾಡಿಗೆ ಖಾತೆಗೆ ಬರೆದರೂ ಕೂಡುತ್ತದೆ. ಒಂದು ವ್ಯವಹಾರವನ್ನು ಬರೆಯುವುದನ್ನೇ ಮರೆತರೂ ಕೂಡುತ್ತದೆ. ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿದೂಗಿಸಿದರಂತೂ ಬಲು ಅಂದವಾಗಿ ಕೂಡುತ್ತದೆ. ತಾಳೆಪಟ್ಟಿಗೆ ಕಾಣುವುದು ಅಡ್ಡಾದಿಡ್ಡಿ ತಪ್ಪು ಮಾತ್ರ, ನಂಬುವ ಹಾಗಿರುವ ತಪ್ಪು ಅದಕ್ಕೆ ಕಾಣುವುದಿಲ್ಲ. ಗಾಡಿಯ ಕಂಪ್ಯೂಟರೂ ಹಾಗೇ ಇರಬೇಕಲ್ಲ? ಸೆನ್ಸರಿನ ವೈರು ಪೂರ್ತಿ ಕಡಿದರೆ, ಇಲ್ಲ ಒಂದಕ್ಕೊಂದು ತಾಗಿದರೆ ದೀಪ ಹಚ್ಚುತ್ತದೆ. ಸೆನ್ಸರು ಮರ್ಯಾದಸ್ಥರ ಹಾಗೆ ಸುಳ್ಳು ಹೇಳಿದರೆ ನಂಬಿ ಕೂರುತ್ತದೆ.

ಲೆಡ್ಜರ್

ಮಿಸ್ತ್ರಿಗೆ ತೋರಿಸಲು ಆಗದ್ದನ್ನು ಬರೆದಾದರೂ ಇಡೋಣ ಅಂತ ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದೆ. ತಾರೀಕು, ಎಷ್ಟು ಹೊತ್ತು ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ಮಳೆ ಇತ್ತೋ ಇಲ್ಲವೋ, ಪೆಟ್ರೋಲ್ ಎಷ್ಟು, ಏನಾಯಿತು. ತೊಂದರೆ ಆಗದ ದಿನವನ್ನೂ ಬರೆದೆ. ಅದು ಮುಖ್ಯ. ನಾವು ಬಂದ್ ಬಿದ್ದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ, ಬೀಳದ ದಿನಗಳ ಲೆಕ್ಕ ಯಾರಿಡುತ್ತಾರೆ?

ಐದು ವಾರದ ಹೊತ್ತಿಗೆ ಒಂದು ರೂಪ ಮೂಡಿತು. ಬೆಳಗಿನ ಮೊದಲ ಚಾಲೂ ಒಂದು ದಿನವೂ ತಪ್ಪಿಲ್ಲ. ಬಂದ್ ಮಾಡಿ ಐದು ನಿಮಿಷದೊಳಗೆ ಚಾಲೂ ಮಾಡಿದರೂ ತೊಂದರೆ ಇಲ್ಲ. ಎರಡು ತಾಸು ಬಿಟ್ಟರೂ ಇಲ್ಲ. ಬಿಸಿ ಇಂಜಿನ್ ಹದಿನೈದರಿಂದ ನಲವತ್ತು ನಿಮಿಷ ನಿಂತಿದ್ದರೆ ಮಾತ್ರ ಕಾಟ. ಎದ್ದರೂ ನಡುಗುತ್ತ ಎದ್ದು, ಮುಂದಿನ ಸಿಗ್ನಲ್ಲಿನಲ್ಲಿ ಬೀಳುತ್ತದೆ. ಜಿಟಿಜಿಟಿ ಮಳೆಯ ವಾರದಲ್ಲಿ ಜಾಸ್ತಿ. ಇನ್ನೊಂದು ಸಾಲು: ಒಮ್ಮೊಮ್ಮೆ ಬೀಳುವ ಬದಲು ಸ್ಲೋ ರನ್ನಿಂಗ್ ತಾನೇ ಏರಿ, ಬೆಳಿಗ್ಗೆ ಆಗ ತಾನೇ ಚಾಲೂ ಮಾಡಿದಾಗಿನ ಹಾಗೆ ಹುರ್ರೆನ್ನುತ್ತದೆ.

ನೋಟ್‌ಬುಕ್ಕು ನೋಡಿ ಮೊದಲು ನಗದೇ ಇದ್ದವರು ಗೋಕುಲ ರೋಡಿನ ಕಾಕಾ. ಕನ್ನಡಕ ಏರಿಸಿ ಎರಡು ಪುಟ ಓದಿದರು. “ಮುಂದಿನ ಸಲ ಏಳಲಿಲ್ಲಂದ್ರ ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡದ ಸೆಲ್ಫ್ ಹೊಡೀರಿ. ಬಿಟ್ಟು ಬಿಟ್ಟು ಒತ್ತಬ್ಯಾಡ್ರಿ. ಎದ್ದರ ನನಗ ಫೋನ್ ಮಾಡ್ರಿ.” ಈ ಕಾಲದ ಇಂಜೆಕ್ಷನ್ ಗಾಡಿಗಳು ಬಹಳಷ್ಟರಲ್ಲಿ ಹಾಗೆ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಕಂಪ್ಯೂಟರು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಕಳಿಸುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗಿದ್ದರೆ ಅದರಿಂದ ಒಣಗುತ್ತದೆ. ನಾಲ್ಕನೆಯ ದಿನವೇ ಸಂದರ್ಭ ಬಂತು. ಪೂರ್ತಿ ಒತ್ತಿದೆ. ಆರೇಳು ಸುತ್ತು ತಿರುಗಿ, ಒಂದು ಸಿಲಿಂಡರ್ ಹಿಡಿದು, ಎರಡನೆಯದು ಹಿಡಿದು, ಹಿಂದೆ ಕರಿ ಹೊಗೆ ಬಿಟ್ಟು ಎದ್ದಿತು. ರಸ್ತೆ ಬದಿಯಲ್ಲೇ ನಿಂತು ಫೋನು ಮಾಡಿದೆ.

ಆ ಒಂದು ಹೊಗೆ ಮೂರು ತಿಂಗಳ ಊಹೆಗಳಲ್ಲಿ ಅರ್ಧವನ್ನು ಗುಡಿಸಿ ಹಾಕಿತು. ಪಂಪು ಸೋತಿದ್ದರೆ, ಫಿಲ್ಟರ್ ಕಟ್ಟಿದ್ದರೆ, ರಿಲೇ ಕೈ ಕೊಟ್ಟಿದ್ದರೆ ಗಾಡಿಗೆ ಪೆಟ್ರೋಲ್ ಸಾಲದೆ ಬಂದ್ ಬೀಳಬೇಕು. ಇಲ್ಲಿ ಆಗುತ್ತಿದ್ದದ್ದು ತಿರುಗಾಮುರುಗಾ, ಹೊಟ್ಟೆ ಬಿರಿಯುವಷ್ಟು ಉಣಿಸುತ್ತಿದ್ದರು. (ಪಂಪು ಬದಲಿಸಲು ಒಬ್ಬರು ಏಳು ಸಾವಿರ ಹೇಳಿದ್ದರು. ಅಡ್ವಾನ್ಸ್ ಕೊಡುವುದರಲ್ಲಿದ್ದೆ.) ಹದವಾಗಿ ಓಡಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇಂಜಿನ್ ತಣ್ಣಗಿದ್ದಾಗ ಮಾತ್ರ ಕಂಪ್ಯೂಟರು ಪೆಟ್ರೋಲನ್ನು ಅದಕ್ಕಿಂತ ಧಾರಾಳ ಬಿಡುತ್ತದೆ, ಹಳೆಯ ಗಾಡಿಗಳ ಚೋಕ್ ಎಳೆದ ಹಾಗೆ. ಸ್ಲೋ ರನ್ನಿಂಗನ್ನೂ ಏರಿಸುತ್ತದೆ. ಅಂದರೆ ಬಿಸಿ ಇಂಜಿನ್ನನ್ನು ಯಾರೋ ತಣ್ಣಗಿದೆ ಅಂತ ಹೇಳಿ ನಂಬಿಸುತ್ತಿದ್ದಾರೆ. ಆ ಸುದ್ದಿ ಕೊಡುವ ಕೆಲಸ ಇಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರಿನದು. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗೇ ತೋರಿಸುತ್ತಿತ್ತಲ್ಲ ಅಂದೆ. “ಅದರದು ಬ್ಯಾರೆ ಸೆನ್ಸರ್ ತಾಯಿ. ಕಂಪ್ಯೂಟರಿಂದು ಬ್ಯಾರೆ.” ಒಂದೇ ನೀರಿಗೆ ಇಬ್ಬರು ಸಾಕ್ಷಿ, ನಾವು ನೋಡುತ್ತಿದ್ದದ್ದು ಒಬ್ಬನ ಮುಖ.

ಅವ್ವನ ಬೋಗುಣಿ

ನಮ್ಮಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದವರು. ಸೆನ್ಸರ್ ಅನ್ನುವುದು ಒಳಗೆ ಬರೀ ಒಂದು ಥರ್ಮಿಸ್ಟರ್, ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ ಅಂತ ಕೇಳಿದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. “ಅಲ್ಲವಾ, ಇದನ್ನ ಮನ್ಯಾಗ ನೋಡಬೌದಲ್ಲ!” ಮರುದಿನ ಕೊಪ್ಪೀಕರ ರೋಡಿನಿಂದ ಒಂದು ಮಲ್ಟಿಮೀಟರ್ ತಂದೆ. ರವಿವಾರ ಮುಂಜಾನೆ ಮಿಸ್ತ್ರಿಯಿಂದ ಸೆನ್ಸರ್ ಬಿಚ್ಚಿಸಿ ತಂದು, ದಾರ ಕಟ್ಟಿ, ನೀರು ತುಂಬಿದ ಬೋಗುಣಿಯಲ್ಲಿ ಇಳಿಬಿಟ್ಟು ಗ್ಯಾಸ್ ಮೇಲೆ ಇಟ್ಟೆವು. ಅವ್ವ ಹಾಲು ಕಾಸುವ ಬೋಗುಣಿ ಅದು. ಅವಳು ಗುಡಿಯಿಂದ ಬರುವುದರೊಳಗೆ ಮುಗಿಸುವ ಯೋಜನೆ ನಮ್ಮದು.

ಥರ್ಮಾಮೀಟರು ಅಪ್ಪನ ಹಳೆಯ ಪೆಟ್ಟಿಗೆಯದು. ಅವರು ಡಿಗ್ರಿ ಓದುವುದು, ನಾನು ಓಮ್ ಬರೆಯುವುದು. ಇಪ್ಪತ್ತೆರಡು ಡಿಗ್ರಿಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ. ನಲವತ್ತಕ್ಕೆ ಅದರ ಅರ್ಧ. ಅರವತ್ತಕ್ಕೆ ಆರುನೂರರ ಆಸುಪಾಸು. ಎಂಬತ್ತಕ್ಕೆ ಬಂದಾಗ ಮುನ್ನೂರ ಹತ್ತು. ಇಂಥ ಸೆನ್ಸರುಗಳು ಇಪ್ಪತ್ತು ಡಿಗ್ರಿಗೆ ಎರಡೂವರೆ ಸಾವಿರದ ಹತ್ತಿರ, ಎಂಬತ್ತಕ್ಕೆ ಮುನ್ನೂರರ ಹತ್ತಿರ ತೋರಿಸಬೇಕು. ನಮ್ಮದು ಅಚ್ಚುಕಟ್ಟು. ಅಪ್ಪ ಗ್ರಾಫ್ ಹಾಳೆ ಹುಡುಕಿ ಬಿಂದು ಗುರುತಿಸಿ ಗೆರೆ ಎಳೆದರು. ಕಂಸ ಬಲು ಚಂದ ಬಂತು, ಒಂದು ಬಿಂದುವೂ ಗೆರೆ ಬಿಟ್ಟು ಹೊರಗಿಲ್ಲ. ನನಗೆ ಅಳು ಬರುವುದೊಂದು ಬಾಕಿ. ಇನ್ನೊಮ್ಮೆ ಹನ್ನೆರಡು. ಇನ್ನೊಮ್ಮೆ ಎಲ್ಲ ಕ್ಷೇಮ.

ಅಷ್ಟರಲ್ಲಿ ಅವ್ವ ಬಂದಳು. ಬೋಗುಣಿ ನೋಡಿದಳು. ಅದರಲ್ಲಿ ತೇಲುತ್ತಿದ್ದ ಎಣ್ಣೆಯ ಪದರ ನೋಡಿದಳು. ಅವಳು ಅಂದದ್ದನ್ನೆಲ್ಲ ಬರೆಯುವುದಿಲ್ಲ. ಬೈದು ಮುಗಿಸಿ ಬೋಗುಣಿಗೆ ಬೂದಿ ಹಚ್ಚುತ್ತ, ನಮ್ಮ ಕಡೆ ತಿರುಗದೇ ಅಂದಳು: “ನನಗ ತಲಿ ತಿರಗತೈತಿ ಅಂದ್ರ ಡಾಕ್ಟರ್ ಏನಂದ್ರು? ಬಿಪಿ ಸರಿ ಐತಿ, ಇಸಿಜಿ ಸರಿ ಐತಿ, ವಯಸ್ಸಾತು ಅಂದ್ರು. ಎದಿಗೆ ಡಬ್ಬಿ ಕಟ್ಟಿ ಮನೀಗೆ ಕಳಿಸಿದ ಮ್ಯಾಲೆ ಸಿಕ್ತಿಲ್ಲೋ? ಇದಕ್ಕೂ ಒಂದ ಡಬ್ಬಿ ಕಟ್ರಿ. ನನ್ನ ಬೋಗುಣ್ಯಾಗ ಯಾಕ ಕುದಿಸ್ತೀರಿ?”

ಎರಡು ವರ್ಷದ ಹಿಂದಿನ ಮಾತು. ಅವ್ವನ ಎದೆಯ ತಾಳ ನಡುನಡುವೆ ತಪ್ಪುತ್ತಿತ್ತು, ಡಾಕ್ಟರ ಮುಂದೆ ಕೂತ ಐದು ನಿಮಿಷದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಎದೆಯ ತಾಳವನ್ನು ಎಡೆಬಿಡದೆ ಬರೆದಿಡುವ ಆ ಡಬ್ಬಿಯನ್ನು, ಹೋಲ್ಟರನ್ನು, 24 ತಾಸು ಕಟ್ಟಿಕೊಂಡು ರೊಟ್ಟಿ ಬಡಿದು, ಸಂತೆ ಮಾಡಿ, ಮಲಗಿ ಎದ್ದ ಮೇಲೆ ನಸುಕಿನ ಮೂರು ಗಂಟೆಯ ಹೊತ್ತಿನದು ಕಾಗದದ ಮೇಲೆ ಸಿಕ್ಕಿತು. ಅದಕ್ಕೆ ಮುಂಚೆ ಎಂಟು ತಿಂಗಳು ನಾವೂ ಅವಳಿಗೆ “ಸುಮ್ನ ಚಿಂತಿ ಮಾಡ್ತಿ” ಅಂದಿದ್ದೆವು. ನಾನೂ ಅಂದಿದ್ದೆ. ಕ್ಲಚ್ ಮೇಲೆ ಕಾಲಿಡುತ್ತೀರಾ ಅಂತ ಕೇಳಿದವರ ಮೇಲೆ ಸಿಟ್ಟಾದಾಗೆಲ್ಲ ಇದು ನೆನಪಾಗಿ ಸಿಟ್ಟು ಪೂರ್ತಿ ಏರುವುದಿಲ್ಲ.

ಉಣಕಲ್ಲಿನಲ್ಲಿ ಹದಿನೆಂಟನೆಯ ನಿಮಿಷ

ಡಬ್ಬಿ ಕಟ್ಟಿದೆವು. ಅವ್ವನ ಹೊಲಿಗೆ ಪೆಟ್ಟಿಗೆಯ ಎರಡು ಸೂಜಿಗಳನ್ನು ಸೆನ್ಸರಿನ ಕನೆಕ್ಟರಿಗೆ ಹಿಂದಿನಿಂದ, ವೈರಿನ ಪಕ್ಕದಲ್ಲೇ ತೂರಿಸಿ, ಅವಕ್ಕೆ ಉದ್ದನೆಯ ವೈರು ಬೆಸೆದು, ಬಾನೆಟ್ಟಿನ ಸಂದಿಯಿಂದ ಕಿಟಕಿಗೆ, ಕಿಟಕಿಯಿಂದ ಒಳಗೆ ಎಳೆದುಕೊಂಡೆವು. ಬೆಲ್ಟಿಗೆ ಸಿಗದ ಹಾಗೆ ಕಾಕಾ ಟೇಪು ಸುತ್ತಿಕೊಟ್ಟರು. ಮೀಟರ್ ಅಪ್ಪನ ತೊಡೆಯ ಮೇಲೆ. ಕಂಪ್ಯೂಟರು ಸೆನ್ಸರಿಗೆ 5 ವೋಲ್ಟ್ ಕಳಿಸಿ, ಎಷ್ಟು ಉಳಿಯಿತು ಅಂತ ನೋಡಿ ಬಿಸಿಯ ಅಂದಾಜು ಮಾಡುತ್ತದೆ. ತಣ್ಣಗಿದ್ದಾಗ ಎರಡರ ಮೇಲೆ, ಕಾದಾಗ ಅರ್ಧ ವೋಲ್ಟ್. ಕಂಪ್ಯೂಟರು ಏನನ್ನು ನೋಡುತ್ತದೋ ಅದನ್ನೇ ಈಗ ನಾವೂ ನೋಡುತ್ತಿದ್ದೆವು.

ಮೊದಲ ಹನ್ನೊಂದು ದಿನ ಗಾಡಿ ದೇವರಂಥದು. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಹನ್ನೆರಡನೆಯ ದಿನ ಶ್ರಾವಣದ ರವಿವಾರ, ಸೋನೆ ಮಳೆ. ಅಪ್ಪ ಒಂದು ಕೈಯಲ್ಲಿ ಮೀಟರ್, ಇನ್ನೊಂದರಲ್ಲಿ ಪೆನ್ನು ಹಿಡಿದು ಹಾಜರಿ ಕೂಗಿದ ಹಾಗೆ ಅಂಕಿ ಕೂಗುತ್ತಿದ್ದರು. ಮನೆಯ ಮುಂದೆ ಎರಡು ಪಾಯಿಂಟ್ ಮೂರು. ಜುಬಿಲಿ ಸರ್ಕಲ್, ಒಂದೂವರೆ. ಟೋಲ್ ನಾಕಾ, ಸೊನ್ನೆ ಪಾಯಿಂಟ್ ಎಂಟು. ನವಲೂರಿನ ಹತ್ತಿರ ಪೇರಲ ಹಣ್ಣಿನ ಬುಟ್ಟಿ ನೋಡಿ ಮೀಟರ್ ಮರೆತರು, ನೆನಪಿಸಿದೆ. ಸೊನ್ನೆ ಪಾಯಿಂಟ್ ಐದು ಐದು. ರಾಯಾಪುರ, ಭೈರಿದೇವರಕೊಪ್ಪ, ಅಷ್ಟೇ. ಉಣಕಲ್ ಕೆರೆಯ ಹತ್ತಿರ ಬದಿಗೆ ಹಚ್ಚಿ ಬಂದ್ ಮಾಡಿದೆ. ಗಿರಮಿಟ್ಟು, ಮಿರ್ಚಿ ತಂದೆ. ನಡುನಡುವೆ ಕೀಲಿಯನ್ನು ಅರ್ಧ ತಿರುವಿ ಮೀಟರ್ ನೋಡುವುದು. ಐದನೆಯ ನಿಮಿಷಕ್ಕೆ ಸೊನ್ನೆ ಪಾಯಿಂಟ್ ನಾಲ್ಕು ಎಂಟು. ಹನ್ನೆರಡನೆಯದಕ್ಕೆ ಸೊನ್ನೆ ಪಾಯಿಂಟ್ ನಾಲ್ಕು ಆರು. “ಬಂದ್ ಮಾಡಿದ ಮ್ಯಾಲೆ ಇನ್ನಷ್ಟು ಕಾಯಾಕತ್ತೈತಿ ನೋಡು,” ಅಂದರು ಅಪ್ಪ, ಮಿರ್ಚಿ ಕಡಿಯುತ್ತ. ನೀರು ತಿರುಗುವುದು ನಿಂತು, ಇಂಜಿನ್ನಿನ ಕಾವು ಒಳಗೇ ಕೂಡಿಕೊಳ್ಳುತ್ತದೆ.

ಹದಿನೆಂಟನೆಯ ನಿಮಿಷಕ್ಕೆ ಕೀಲಿ ತಿರುವಿದೆ. ಅಪ್ಪ ಕೂಗಲಿಲ್ಲ. ಮೀಟರನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಅಂಗಿಯಿಂದ ಗಾಜು ಒರೆಸಿದರು.

“ಎರಡು ಪಾಯಿಂಟ್ ನಾಲ್ಕು.”

ತೊಂಬತ್ತು ಡಿಗ್ರಿಯ ಇಂಜಿನ್ನನ್ನು ಕಂಪ್ಯೂಟರು ಧಾರವಾಡದ ಶ್ರಾವಣದ ಮುಂಜಾನೆ ಅಂದುಕೊಂಡು ಕೂತಿತ್ತು. ಸೆಲ್ಫ್ ಹೊಡೆದೆ. ಏಳಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಗಾಡಿ ಏಳದ್ದಕ್ಕೆ ನನಗೆ ಖುಷಿಯಾಯಿತು, ಅದೂ ಒಬ್ಬ ಸಾಕ್ಷಿಯ ಮುಂದೆ. ಇಳಿದು ಮಳೆಯಲ್ಲೇ ಬಾನೆಟ್ ಎತ್ತಿ, ಕನೆಕ್ಟರನ್ನು ಒಂದು ಬೆರಳಿನಿಂದ ಒತ್ತಿದೆ. ಒಳಗಿನಿಂದ ಅಪ್ಪನ ದನಿ: “ನಾಲ್ಕು ಆರು! ನಾಲ್ಕು ಆರು!” ಬೆರಳು ತೆಗೆದೆ. “ಎರಡು ನಾಲ್ಕು!” ಒತ್ತಿದೆ. “ನಾಲ್ಕು ಆರು!” ಮತ್ತೆ ಮತ್ತೆ ಮಾಡಿದೆವು, ಬೇಕಿರಲಿಲ್ಲ. ಗಿರಮಿಟ್ಟಿನ ಗಾಡಿಯವನು ಒಗ್ಗರಣೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದ.

ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಅದರ ಕನೆಕ್ಟರಿನೊಳಗಿನ ತಗಡಿನ ಹಿಡಿತ ಸಡಿಲಾಗಿ, ಅದರ ಮೇಲೆ ಹಸಿರು ಕಿಲುಬು ಕಟ್ಟಿತ್ತು. ನಿಂತ ಇಂಜಿನ್ನಿನ ಕಾವಿಗೆ ಹಿಗ್ಗಿದಾಗ ಹಿಡಿತ ಇನ್ನಷ್ಟು ಸಡಿಲಾಗಿ, ಸುಮಾರು ಎರಡು ಸಾವಿರ ಓಮ್‌ನಷ್ಟು ರೋಧ ನಡುವೆ ಬಂದು ಕೂರುತ್ತಿತ್ತು. ಪೂರ್ತಿ ಕಡಿದು ಹೋಗಿದ್ದರೆ ದೀಪ ಹತ್ತುತ್ತಿತ್ತು. ಎರಡು ಸಾವಿರ ಓಮ್ ಅಂದರೆ ನಂಬುವಂಥ ಸುಳ್ಳು.

ಇನ್ನು ಆ ಹತ್ತು ದಿನದ ಗುಣ. ಕನೆಕ್ಟರ್ ಇದ್ದದ್ದು ಥ್ರಾಟಲ್ ಬಾಡಿಯ ಕೆಳಗೆ, ಕೈಗೆ ಅಡ್ಡ ಬರುವ ಹಾಗೆ. ಪ್ಲಗ್ ತೆಗೆಯುವವರು ಕೈ ಆಡಲೆಂದು ಅದನ್ನು ಕಿತ್ತಿಟ್ಟರು, ಮುಗಿಸಿ ಮತ್ತೆ ಚುಚ್ಚಿದರು. ಥ್ರಾಟಲ್ ತೊಳೆದವರೂ ಅಷ್ಟೇ. ಬ್ಯಾಟರಿಯ ದಿನ ಆ ಹುಡುಗ ವೈರುಗಳನ್ನೆಲ್ಲ ಒಮ್ಮೆ ಎಳೆದು ಒತ್ತಿ ನೋಡಿದ್ದ, ಒಳ್ಳೆಯ ಅಭ್ಯಾಸ. ಕಿತ್ತು ಚುಚ್ಚಿದಾಗೆಲ್ಲ ಕಿಲುಬು ಒಂದಿಷ್ಟು ಕೆರೆದು ಹೋಗಿ ಹತ್ತು ಹದಿನೈದು ದಿನ ಸರಿಯಾಗಿರುತ್ತಿತ್ತು. ಬೋಗುಣಿಯ ಪ್ರಯೋಗಕ್ಕೆ ಸೆನ್ಸರ್ ಬಿಚ್ಚಿಸಿದೆವಲ್ಲ, ಸೂಜಿ ಚುಚ್ಚಿದೆವಲ್ಲ, ನಾವೂ ಅದನ್ನೇ ಮಾಡಿದ್ದು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಎಲ್ಲರೂ ಗಾಡಿಯನ್ನು ಸರಿ ಮಾಡಿದ್ದರು, ಯಾರಿಗೂ ಏನು ಮಾಡಿದೆ ಅನ್ನುವುದು ಗೊತ್ತಿರಲಿಲ್ಲ. ಬದಲಾದ ಬ್ಯಾಟರಿ, ಪ್ಲಗ್ಗು, ಫಿಲ್ಟರುಗಳ ಮೇಲೆ ಅವರಿಗೆ ಬಂದ ಭರವಸೆ ಪ್ರಾಮಾಣಿಕವಾದದ್ದೇ. ಹಳೆಯ ಬ್ಯಾಟರಿ ಇನ್ನೂ ಹಿತ್ತಲಲ್ಲಿದೆ. ಚಾರ್ಜ್ ಮಾಡಿ ಮರುದಿನ ಮೀಟರ್ ಹಚ್ಚಿದರೆ 12.6 ತೋರಿಸಿತು. ಅದನ್ನು ನೋಡಿದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಗುಜರಿಯಿಂದ ತಂದ ಕನೆಕ್ಟರಿಗೆ ಎಂಬತ್ತು ರೂಪಾಯಿ. ಕಾಕಾ ಬೆಸೆದು, ಸುತ್ತಿ, ಮಜೂರಿ ಬೇಡ ಅಂದರು. ಬಲವಂತವಾಗಿ ನೂರು ರೂಪಾಯಿ ಇಟ್ಟು, ಅಪ್ಪ ಎಳೆದ ಗ್ರಾಫನ್ನೂ ಕೊಟ್ಟು ಬಂದೆ. ಅವರ ಅಂಗಡಿಯ ಗೋಡೆಗೆ ಈಗ ಸಿದ್ಧಾರೂಢರ ಫೋಟೋದ ಪಕ್ಕದಲ್ಲಿ ಅಂಟಿಸಿದ್ದಾರೆ. ನವೆಂಬರ್ ಬಂತು, ನೋಟ್‌ಬುಕ್ಕಿನಲ್ಲಿ ಬರೆಯಲು ಏನೂ ಇಲ್ಲ.

ಹೋದ ತಿಂಗಳು ಓಣಿಯ ಮಿಸ್ತ್ರಿ ಮನೆಯ ತನಕ ಬಂದ. ಗೇಟಿನ ಹತ್ತಿರವೇ ನಿಂತು ತಲೆ ಕೆರೆದುಕೊಂಡ.

“ಅಕ್ಕಾರ, ಆ ಮೀಟರ್ ಒಂದೆರಡ ದಿನ ಕೊಡ್ತೀರೇನು? ಮರಾಠಾ ಕಾಲನಿ ಟೀಚರ್ ಗಾಡಿ ಬಂದೈತಿ. ನನ್ನ ಮುಂದ ಬಂದ್ ಬೀಳವಲ್ದು.”

ಕೊಟ್ಟೆ, ವೈರು, ಸೂಜಿ ಸಮೇತ. ಮೂರು ವಾರ ಆಯಿತು. ಮೀಟರ್ ಎಲ್ಲಿ ಅಂತ ಅಪ್ಪ ದಿನಾ ಕೇಳುತ್ತಾರೆ, ಸೂಜಿ ಎಲ್ಲಿ ಅಂತ ಅವ್ವ.